ಸುಕ್ಕುಗಟ್ಟಿದ ಲೇಬಲ್ಲು

"ಐಸು ಕಣವ್ವ, ಐಸು! ಅಸಿ ಬಾಣಂತಿ ಒಟ್ಟೆ ಮ್ಯಾಲೆ ಐಸಿನಂತಾ ನೀರು ಉಯ್ದವ್ನೆ ಆ ಡಾಕ್ಟ್ರು. ಸರ್ಕಾರದೋರು ಅಂತ ಬಂದಿದ್ದೀಯಲ್ಲ, ಬರ್ಕೋ ಅದ್ನ!"

ಕಿರುಗಾವಲಿನ ಆ ಮನೆಯ ಒಳಗೆ ಸಾಂಬ್ರಾಣಿ ಹೊಗೆ ಕಣ್ಣು ತೆರೆಯಲು ಬಿಡುತ್ತಿರಲಿಲ್ಲ. ಪುಟ್ಟಮಾದಮ್ಮ ಕೆಂಡದ ಬೋಗುಣಿಗೆ ಇನ್ನೊಂದು ಚಿಟಿಕೆ ಸಾಂಬ್ರಾಣಿ ಉದುರಿಸಿ, ಹೊಗೆಯ ಹಿಂದಿನಿಂದಲೇ ಬೈಗುಳ ಮುಂದುವರಿಸಿದಳು. ಅವಳ ಮೊಮ್ಮಗಳು ಅರ್ಪಿತ ಕಿವಿಗೆ ಹತ್ತಿ ತುರುಕಿ, ತಲೆಗೆ ಬಟ್ಟೆ ಬಿಗಿದು, ಕೂಸನ್ನು ಪಕ್ಕಕ್ಕೆ ಹಾಕಿಕೊಂಡು ಮಂಚದ ಮೇಲೆ ನಗುತ್ತಿದ್ದಳು.

ಶಶಿರೇಖಾ ನಗಲಿಲ್ಲ. ಅವಳು ಅರ್ಪಿತಳ ಹೊಟ್ಟೆಯ ಮೇಲಿನ ಹೊಲಿಗೆಯನ್ನು ನೋಡುತ್ತಿದ್ದಳು. ತೆಳ್ಳಗಿನ, ಒಣಗಿದ ಗೆರೆ. ಕೆಂಪಿಲ್ಲ, ಊತವಿಲ್ಲ, ಕೀವಿಲ್ಲ.

ಮದ್ದೂರಿನ ಡಾಕ್ಟರ್ ಚಲುವರಾಜು ಅವರ ನರ್ಸಿಂಗ್ ಹೋಮಿನಲ್ಲಿ ಸಿಸೇರಿಯನ್ ಆದ ಬಾಣಂತಿಯರ ಗಾಯಗಳು ಒಂದಾದ ಮೇಲೊಂದು ಹಸಿರು ಕೀವು ಸುರಿಸುತ್ತಿದ್ದವು. ಸೋಂಕು ಪತ್ತೆ ತಂಡದ ವೈದ್ಯೆ ಶಶಿರೇಖಾಳಿಗೆ ಕೀಟಾಣು ಯಾವುದೆಂದು ಗೊತ್ತಾಗಿತ್ತು, ಅದು ಎಲ್ಲಿಂದ ಬರುತ್ತಿದೆಯೆಂದು ಗೊತ್ತಾಗಿರಲಿಲ್ಲ. ಅಷ್ಟರಲ್ಲಿ ಜನ ತಮ್ಮದೇ ಅಪರಾಧಿಯನ್ನು ಹುಡುಕಿಕೊಂಡಿದ್ದರು: ವಾರ್ಡಿನ ಆಯಾ ಪಟ್ಟಲಮ್ಮ. ಇವತ್ತು ಸಂಜೆಯೊಳಗೆ ಬೇರೆ ಉತ್ತರ ಸಿಗದಿದ್ದರೆ ಅವಳ ಕೆಲಸ ಹೋಗುತ್ತಿತ್ತು. ಕೆಲಸ ಹೋದರೆ ಇನ್ನೊಂದು ಸಿಕ್ಕೀತು. 'ಬಾಣಂತಿಯರಿಗೆ ಕೀವು ಹತ್ತಿಸಿದವಳು' ಎಂಬ ಹೆಸರು ಮಾತ್ರ ಸಾಯುವವರೆಗೂ ಜೊತೆಗೇ ಬರುತ್ತಿತ್ತು.

"ನೀನು ಇದ್ದಿದ್ದು ಅದೇ ವಾರ್ಡಲ್ಲಿ ತಾನೆ?" ಶಶಿರೇಖಾ ಕೇಳಿದಳು.

"ಅದೇ ವಾರ್ಡು ಮೇಡಂ. ಆತಗೂರಿನ ದೀಪಿಕ ಇದ್ಲಲ್ಲ, ಅವಳ ಪಕ್ಕದ ಮಂಚ."

"ಪಟ್ಟಲಮ್ಮ ನಿನ್ನನ್ನ ಮುಟ್ಟಿದ್ರಾ?"

"ಮುಟ್ಟದೆ? ಎಬ್ಬಿಸಿ ಕೂರಿಸ್ತಿದ್ದೋರು ಅವ್ರೇ, ಸೀರೆ ಸುತ್ತಿದ್ದೂ ಅವ್ರೇ. ನಮ್ಮಜ್ಜಿಗಿಂತ ವಾಸಿ, ಬೈತಿರ್ಲಿಲ್ಲ."

"ಬೈಬೇಕಾಗಿತ್ತು," ಅಂದಳು ಪುಟ್ಟಮಾದಮ್ಮ.

"ಮತ್ತೆ ನಿನಗೊಬ್ಬಳಿಗೆ ಏನೂ ಆಗಲಿಲ್ಲ ಯಾಕೆ? ನಿನಗೆ ಮಾಡಿ ಅವರಿಗೆ ಮಾಡದೇ ಇದ್ದಿದ್ದು ಏನಾದ್ರೂ ಇದೆಯಾ?"

ಅರ್ಪಿತ ಯೋಚಿಸಿದಳು. "ಡ್ರೆಸಿಂಗು ಮೇಡಂ. ದೊಡ್ಡ ಡಾಕ್ಟ್ರೇ ಮಾಡ್ಬೇಕು ಅಂತ ನಮ್ಮತ್ತೆ ಹಟ ಹಿಡಿದ್ರು. ಅದಕ್ಕೆ ಅವ್ರ ರೂಮಿಗೇ ಕರೆಸಿ, ಹೊಸ ಸಲೈನ್ ಬಾಟಲಿ ಒಡೆದು ತೊಳೆದ್ರು. ಸಳ್ ಅಂತು, ಜೀವ ಹೋದಂಗಾಯ್ತು. ಅಜ್ಜಿ ಹೇಳ್ತಿರೋ ಐಸು ಅದೇ. ವಾರ್ಡಲ್ಲಿ ಮಿಕ್ಕೋರಿಗೆಲ್ಲ ಬೆಚ್ಚಗೆ ತೊಳೀತಿದ್ರು, ನನಗೆ ಮಾತ್ರ ಆ ಗ್ರಹಚಾರ."

ಶಶಿರೇಖಾ ತಲೆ ಎತ್ತಿದಳು. "ಏನಂದೆ? ಬೆಚ್ಚಗೆ?"

"ಹೂಂ. ಇಂದ್ರಮ್ಮ ಸಿಸ್ಟರು ತೊಳೆದ್ರೆ ಹಿತವಾಗಿರ್ತದೆ ಕಣೇ ಅಂತ ದೀಪಿಕ ಹೇಳ್ತಿದ್ಲು. ಹೊಟ್ಟೆ ಉರೀತಿತ್ತು ನನಗೆ."

"ಕೇಳ್ದಾ?" ಮುದುಕಿ, ಶಶಿರೇಖಾಳ ಜೊತೆ ಬಂದು ಬಾಗಿಲಲ್ಲಿ ನಿಂತಿದ್ದ ಮಹದೇವು ಕಡೆ ತಿರುಗಿದಳು. "ನರ್ಸಮ್ಮಂಗಿರೋ ಬುದ್ದಿ ಡಾಕ್ಟ್ರಿಗಿಲ್ಲ."

"ಅಜ್ಜಿ," ಶಶಿರೇಖಾ ಎದ್ದಳು. "ನಿನ್ನ ಮೊಮ್ಮಗಳನ್ನ ಉಳಿಸಿರೋದು ಆ ತಣ್ಣನೆ ನೀರೇ."

ಪುಟ್ಟಮಾದಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಓದಿ ಓದಿ ತಲೆ ಕೆಟ್ಟೈತೆ ಈ ಮಗೀಗೆ. ವಸಿ ಎಳ್ಳೆಣ್ಣೆ ತಟ್ಟಪ್ಪ," ಎಂದು ಮಹದೇವುಗೆ ಸಲಹೆ ಕೊಟ್ಟಳು.

ಮಹದೇವು ತಂಡದ ಆರೋಗ್ಯ ಇನ್ಸ್‌ಪೆಕ್ಟರು. ಜೀಪು ಓಡಿಸುವವನೂ ಅವನೇ, ಶಶಿರೇಖಾ ಊಟ ಮರೆತರೆ ನೆನಪಿಸುವವನೂ ಅವನೇ. ಕಬ್ಬು ತುಂಬಿದ ಟ್ರಾಕ್ಟರುಗಳ ಹಿಂದೆ ಜೀಪು ತೆವಳುತ್ತಿದ್ದಾಗ ಅವನು ಇನ್ನೂ ಎಳ್ಳೆಣ್ಣೆಯ ಮಾತಿಗೆ ನಗುತ್ತಿದ್ದ.

ಶಶಿರೇಖಾ ಚೀಲದಿಂದ ಎರಡು ಸಲೈನ್ ಬಾಟಲಿ ತೆಗೆದಳು. ಒಂದು ನರ್ಸಿಂಗ್ ಹೋಮಿನ ಸ್ಟೋರಿನದು, ಒಡೆಯದ್ದು. ಇನ್ನೊಂದು ವಾರ್ಡಿನ ಡ್ರೆಸಿಂಗ್ ಟ್ರಾಲಿಯಿಂದ ತಂದದ್ದು. ಕೀಟಾಣು ಸಿಕ್ಕಿದ್ದು ಈ ಎರಡನೆಯದರಲ್ಲಿ.

"ಇವೆರಡನ್ನೂ ನೋಡು. ಏನು ವ್ಯತ್ಯಾಸ?"

"ಒಂದು ತುಂಬೈತೆ, ಒಂದು ಅರ್ಧ ಆಗೈತೆ."

"ಲೇಬಲ್ಲು ನೋಡು."

ಸ್ಟೋರಿನ ಬಾಟಲಿಯ ಲೇಬಲ್ಲು ಗರಿಗರಿಯಾಗಿತ್ತು. ವಾರ್ಡಿನದ್ದು ಸ್ನಾನದ ಮನೆಯಲ್ಲಿ ಹೆಚ್ಚು ಹೊತ್ತು ಕೂತವರ ಬೆರಳ ತುದಿಯಂತೆ ಸುಕ್ಕುಗಟ್ಟಿ, ಅಂಚಿನಲ್ಲಿ ಎದ್ದುಕೊಂಡಿತ್ತು.

"ಒದ್ದೆ ಕೈಲಿ ಇಡ್ಕೊಂಡಿರ್ತಾರೆ," ಅಂದ ಮಹದೇವು.

"ಕೈ ಹಿಡಿಯೋದು ನಡುವೆ. ಇದು ಬುಡದಿಂದ ಕುತ್ತಿಗೆವರೆಗೂ ಸುಕ್ಕಾಗಿದೆ. ನೀರಲ್ಲಿ ಮುಳುಗಿ ಎದ್ದ ಕಾಗದ ಇದು. ಮೊದಲ ದಿನವೇ ನೋಡಿದ್ದೆ. ಹಳೇ ಸ್ಟಾಕು ಅಂದ್ಕೊಂಡು ಸುಮ್ಮನಾದೆ."

"ಬಾಟ್ಲಿನ ಯಾರ್ ಮೇಡಂ ನೀರಿಗೆ ಬುಡ್ತಾರೆ?"

"ಬಾಣಂತಿಗೆ ತಣ್ಣೀರು ಸೋಕಿಸಬಾರದು. ನಿಮ್ಮನೇಲಿ ಹೇಳಲ್ವಾ?"

"ಸೋಕ್ಸೋದಾ? ನಮ್ಮಕ್ಕಂಗೆ ನಮ್ಮವ್ವ ಕುಡ್ಯೋಕೂ ಕೊಡ್ತಿರ್ಲಿಲ್ಲ ತಣ್ಣೀರ."

"ಮತ್ತೆ? ಚಳಿಗಾಲ. ಸಲೈನು ತಣ್ಣಗಿರುತ್ತೆ. ಆ ವಾರ್ಡಲ್ಲಿ ಎಲ್ಲೋ ಒಂದು ಬಕೆಟ್ ಬೆಚ್ಚಗಿನ ನೀರಿದೆ. ಒಡೆದ ಬಾಟಲಿಯನ್ನ ಅದರಲ್ಲಿ ತೇಲಿಬಿಡ್ತಾರೆ. ಮುಚ್ಚಳದ ಸಂದಿಯಿಂದ ಒಂದು ಹನಿ ಒಳಗೆ ಹೋದ್ರೆ ಸಾಕು, ಮಾರನೇ ದಿನ ಅದರಿಂದಲೇ ಗಾಯ ತೊಳೀತಾರೆ."

ಮಹದೇವುವಿನ ನಗು ನಿಂತಿತು. ಮಳವಳ್ಳಿಯಲ್ಲಿ ಅವನು ಬಸ್‌ಸ್ಟ್ಯಾಂಡಿನ ಎದುರು ಟೀಗೆಂದು ನಿಲ್ಲಿಸಿ, ಫೋನು ಕಿವಿಗಿಟ್ಟುಕೊಂಡು ಬಾಳೆಹಣ್ಣಿನ ಗಾಡಿಗಳಾಚೆ ಹೋದ. ಅವನ ಟೀ ಮೇಲೆ ಕೆನೆ ಕಟ್ಟಿತು.

"ಮನೆಯಿಂದ ಫೋನು," ಎಂದ ವಾಪಸು ಬಂದು. ಯಾರದೆಂದು ಶಶಿರೇಖಾ ಕೇಳಿರಲಿಲ್ಲ.

ನರ್ಸಿಂಗ್ ಹೋಮಿನ ಅಂಗಳದಲ್ಲಿ ಆಗಲೇ ಜನ ಸೇರಿದ್ದರು. ನಡುವೆ ದೀಪಿಕಳ ಮಾವ ಮರಿಯಯ್ಯ, ಹೆಗಲ ಮೇಲೆ ಟವೆಲು, ಆತಗೂರಿನವರೆಗೂ ಕೇಳಿಸುವಂಥ ಗಂಟಲು. ಕಾರಿಡಾರಿನ ಕೊನೆಯ ಬೆಂಚಿನ ಮೇಲೆ ಪಟ್ಟಲಮ್ಮ ತನ್ನ ಬುತ್ತಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸಿಗೆ ಕಾಯುವವಳಂತೆ ಕೂತಿದ್ದಳು.

"ಆ ಕೈ ಯಾವ ಕೈ ಅಂತ ನಮಗೆ ಗೊತ್ತಿಲ್ವಾ? ಅಂತಾ ಕೈನ ಬಾಣಂತಿ ಮೈ ಮ್ಯಾಲೆ ಬುಟ್ಟಿದ್ದೇ ತಪ್ಪು ಡಾಕ್ಟ್ರೆ!" ಮರಿಯಯ್ಯ ಕೂಗಿದ.

ಯಾವ ಕೈ ಎಂದು ಶಶಿರೇಖಾಳಿಗೂ ಗೊತ್ತಿತ್ತು. ಪಟ್ಟಲಮ್ಮನ ಕೇರಿಯಂಥದೇ ಕೇರಿಯಲ್ಲಿ, ಗೋಡೆಗೆ ಬುದ್ಧನ ಪಟ ತೂಗುಹಾಕಿದ ಮನೆಯಲ್ಲಿ ಅವಳು ಬೆಳೆದದ್ದು. ಹಾಸ್ಟೆಲ್ಲು, ಮೆಡಿಕಲ್ ಕಾಲೇಜು, ಬಿಳಿ ಕೋಟು ಎಲ್ಲ ಆಮೇಲೆ ಬಂದವು. ವಾರ್ಡಿನ ಎಲ್ಲರ ಕೈಗಳನ್ನೂ ಅವಳು ಪರೀಕ್ಷೆಗೆ ಕಳಿಸಿದ್ದಳು. ಪಟ್ಟಲಮ್ಮನ ಕೈ ಶುದ್ಧವಾಗಿತ್ತು. ಅದನ್ನು ಇದೇ ಅಂಗಳದಲ್ಲಿ ನಿಂತು ಹೇಳಿಯೂ ಇದ್ದಳು. ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಚಲುವರಾಜು ಅವಳನ್ನು ಪಕ್ಕಕ್ಕೆ ಕರೆದರು. ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. "ಡಾಕ್ಟ್ರೇ, ನನಗೂ ಗೊತ್ತು ಅವಳಲ್ಲ ಅಂತ. ಆದ್ರೆ ಇವ್ರಿಗೆ ಯಾರಾದ್ರೂ ಬೇಕು."

"ನಿಮಗೂ ಅಷ್ಟೇ ತಾನೆ?"

ಅವರು ವಾರ್ಡಿನ ಕಡೆ ನೋಡಿದರು. "ದೀಪಿಕನ್ನ ನೋಡಿದ್ರಾ?" ಎಂದರು.

ದೀಪಿಕ ಎದ್ದು ಕೂತಿದ್ದಳು. ಕೀಟಾಣುವಿನ ಹೆಸರು ಸಿಕ್ಕ ಮೇಲೆ ಬದಲಾಯಿಸಿದ್ದ ಔಷಧಿ ಕೆಲಸ ಮಾಡಿತ್ತು. ಹಣೆ ತಣ್ಣಗಿತ್ತು, ಗಾಯದ ಹಸಿರು ಮಾಯವಾಗಿ ಕೆಂಪು ಮಾಂಸ ಕಾಣುತ್ತಿತ್ತು. ಕೈಯಲ್ಲಿ ರವೆ ಗಂಜಿಯ ಲೋಟ.

"ಉಪ್ಪೇ ಇಲ್ಲ ಮೇಡಂ ಇದ್ರಲ್ಲಿ," ಅಂದಳು.

ನಿನ್ನೆಯವರೆಗೂ ಜ್ವರದ ಮಂಪರಿನಲ್ಲಿ ಅವಳಿಗೆ ಲೋಟ ಯಾವುದು, ಕೂಸು ಯಾವುದು ತಿಳಿಯುತ್ತಿರಲಿಲ್ಲ. ಉಪ್ಪಿನ ದೂರು ಕೇಳಿ ಶಶಿರೇಖಾ ಹಗುರಾದಳು. ಅವಳು ನೇರವಾಗಿ ಡ್ರೆಸಿಂಗ್ ರೂಮಿಗೆ ಹೋದಳು. ಮಹದೇವು ಹಿಂದೆಯೇ ಬಂದ.

ಹೆಡ್ ಸಿಸ್ಟರ್ ಇಂದ್ರಮ್ಮ ಹತ್ತಿ ಮಡಚುತ್ತಿದ್ದರು. ಗಟ್ಟಿ ಮೈಕಟ್ಟಿನ, ನರೆತ ಕೂದಲಿನ ಹೆಂಗಸು. ಡಾಕ್ಟರಿಗೆ ದೂರದ ಅತ್ತೆಯಾಗಬೇಕು. ಮದ್ದೂರಿನ ಎಷ್ಟೋ ಮಕ್ಕಳನ್ನು ತಾಯಿಗಿಂತ ಮೊದಲು ಎತ್ತಿಕೊಂಡವರು. ಅವರನ್ನು ಸಂದೇಹದಿಂದ ನೋಡುವುದು ಯಾರಿಗೂ ಹೊಳೆದಿರಲಿಲ್ಲ.

"ಸಿಸ್ಟರ್, ಡ್ರೆಸಿಂಗ್ ಮಾಡೋದು ನೋಡ್ಬೇಕು. ದೀಪಿಕಗೆ ಮಾಡ್ತೀರಲ್ಲ, ಹಾಗೇ. ಇಲ್ಲೇ, ಸುಮ್ನೆ ತೋರಿಸಿ."

"ನನ್ನನ್ನ ಪರೀಕ್ಷೆ ಮಾಡ್ತೀಯೇನಮ್ಮ? ನೀನು ಹುಟ್ಟೋಕೆ ಮುಂಚಿಂದ ಡ್ರೆಸಿಂಗ್ ಮಾಡ್ತಿದ್ದೀನಿ."

"ಅದಕ್ಕೇ ನಿಮ್ಮನ್ನ ಕೇಳಿದ್ದು."

ಇಂದ್ರಮ್ಮ ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆದರು. ಒಂದು ತಪ್ಪಿಲ್ಲ. ಟ್ರೇ ಬಿಡಿಸಿದರು, ಚಿಮುಟ ಹಿಡಿದ ರೀತಿಗೆ ಪಾಠ ಹೇಳಬಹುದಿತ್ತು. ಆಮೇಲೆ ಟ್ರಾಲಿಯಿಂದ ಸಲೈನ್ ಬಾಟಲಿ ತೆಗೆದು, ಹಾಲಿನ ಬಿಸಿ ನೋಡುವ ತಾಯಿಯಂತೆ, ಮುಂಗೈ ಒಳಮಗ್ಗುಲಿಗೆ ಒತ್ತಿ ಹಿಡಿದರು.

"ತಣ್ಣಗೈತೆ," ಎಂದು ತಮ್ಮಷ್ಟಕ್ಕೆ ಗೊಣಗಿಕೊಂಡು ಮೇಜಿನ ಕೆಳಗೆ ಬಗ್ಗಿದರು. ಬಾಟಲಿ ಹಿಡಿದ ಕೈ ಗಾಳಿಯಲ್ಲಿ ನಿಂತಿತು.

ಮೇಜಿನ ಕೆಳಗೆ ಏನೂ ಇರಲಿಲ್ಲ. ನೆಲದ ಮೇಲೆ ದುಂಡನೆಯ ತುಕ್ಕಿನ ಗುರುತೊಂದಿತ್ತು, ಅಷ್ಟೆ.

"ಬಕೆಟ್ ಹುಡುಕ್ತಿದ್ದೀರಾ?" ಶಶಿರೇಖಾ ಕೇಳಿದಳು.

ಇಂದ್ರಮ್ಮ ನಿಧಾನವಾಗಿ ಎದ್ದರು. "ಇಲ್ಲೇ ಇತ್ತು. ಬೆಳಿಗ್ಗೆ ಇತ್ತು."

"ಏನಿರ್ತಿತ್ತು ಅದರಲ್ಲಿ?"

"ಬಿಸಿನೀರು. ಕರೆಂಟ್ ಕಾಯಿಲ್ ಹಾಕಿ ವಸಿ ಬೆಚ್ಚಗೆ ಮಾಡ್ಕೊತೀವಿ. ಬಾಟ್ಲಿ ಅದ್ರಲ್ಲಿ ಇಡ್ತೀವಿ. ಅದ್ರಲ್ಲೇನು ತಪ್ಪು?"

"ನೀರು ಯಾವಾಗ ಚೆಲ್ತೀರಿ?"

"ಚೆಲ್ಲೋದ್ಯಾಕೆ? ಕಮ್ಮಿಯಾದ್ರೆ ಮೇಲೆ ತುಂಬಿಸ್ತೀವಿ. ಅದನ್ನ ಯಾರೂ ಕುಡಿಯಲ್ಲ, ಮುಟ್ಟಲ್ಲ. ಅದೂ ಬಿಸಿನೀರು. ಬಿಸಿನೀರಲ್ಲಿ ಎಂಥಾ ಕ್ರಿಮಿ ಬದುಕ್ತದಮ್ಮ?"

"ಕುದಿದ್ರೆ ಸಾಯುತ್ತೆ ಸಿಸ್ಟರ್. ಬೆಚ್ಚಗಿದ್ರೆ ಮರಿ ಹಾಕುತ್ತೆ."

ಮಾತು ಬಿದ್ದ ಕೂಡಲೇ ಇಂದ್ರಮ್ಮನ ಮುಖ ಬದಲಾಗಲಿಲ್ಲ. ಮೊದಲು ಅವರು ಸಿಟ್ಟಾದರು. "ನನ್ನ ಕೈಯಿಂದ ಅಂತೀಯಾ? ಈ ಕೈಯಿಂದ?"

"ಕೈಯಿಂದಲ್ಲ. ನಿಮ್ಮ ಕೈ ಎಲ್ಲರದಕ್ಕಿಂತ ಶುದ್ಧವಾಗಿತ್ತು. ಬಕೆಟ್ಟಿಂದ."

"ಅತ್ತೇರು ಬೈತಾರಮ್ಮ! ಅಸಿ ಮೈಗೆ ತಣ್ಣೀರು ಉಯ್ದು ಸನ್ನಿ ಹಿಡಿಸ್ತೀಯ ಅಂತಾರೆ. ಆ ಹುಡುಗೀರು ಸಳ್ ಅಂದ್ರೆ ಬೆಚ್ಚಿಬೀಳ್ತಾವೆ, ಹೊಲಿಗೆ ಎಳೀತದೆ. ಪಾಪ ಅನ್ಸಿ..."

ಇಂದ್ರಮ್ಮ ಸ್ಟೂಲಿನ ಮೇಲೆ ಕೂತರು. ಯಾರ್ಯಾರ ಗಾಯವನ್ನು ಎಷ್ಟು ಮುತುವರ್ಜಿಯಿಂದ ತೊಳೆದಿದ್ದೆನೆಂದು ಅವರು ನೆನಪಿಸಿಕೊಳ್ಳುತ್ತಿದ್ದಾರೆಂದು ಶಶಿರೇಖಾಳಿಗೆ ಅನ್ನಿಸಿತು. ಸಮಾಧಾನ ಹೇಳಲು ಅವಳಿಗೆ ಬರುತ್ತಿರಲಿಲ್ಲ.

"ಬಕೆಟ್ ತೆಗೆದಿದ್ದು ನೀವಾ?"

"ನಾನ್ಯಾಕೆ ತೆಗೀಲಿ? ಅದು ತಪ್ಪು ಅಂತ ನನಗೆ ಈಗ ತಾನೆ ಗೊತ್ತಾಗಿದ್ದು!"

ಬಕೆಟ್ಟು ಸಿಕ್ಕಿದ್ದು ತಾರಸಿಯ ಮೇಲೆ. ಬಿಸಿಲಿಗೆ ಬೋರಲು ಹಾಕಿತ್ತು. ತೆಂಗಿನ ನಾರಿನಿಂದ ಉಜ್ಜಿ ಉಜ್ಜಿ ಮಿರಮಿರ ಮಿಂಚುತ್ತಿತ್ತು, ಬ್ಲೀಚಿಂಗ್ ಪೌಡರಿನ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಅಂಚಿನಲ್ಲಿ ಇನ್ನೂ ಪಸೆಯಿತ್ತು.

ಸಾಕ್ಷಿಯನ್ನು ತೊಳೆದು ಒಣಗಿಹಾಕಿದ್ದರು. ಬಕೆಟ್ಟಿನ ವಿಷಯ ತಾನು ಊಹಿಸಿದ್ದೇ ಇವತ್ತು, ಕಬ್ಬಿನ ಟ್ರಾಕ್ಟರಿನ ಹಿಂದೆ. ತನಗಿಂತ ಮೊದಲು ಯಾರಿಗೆ ಗೊತ್ತಾಯಿತು?

"ಹೋಯ್ತು ಬುಡಿ ಮೇಡಂ," ಮಹದೇವು ನಿಟ್ಟುಸಿರು ಬಿಟ್ಟ. "ಇನ್ನೇನು ಸಿಕ್ತದೆ?"

ಶಶಿರೇಖಾ ಇಂದ್ರಮ್ಮನ ಕಡೆ ತಿರುಗಿದಳು. "ಕಾಯಿಲ್ ಎಲ್ಲಿ?"

"ಬಾಗ್ಲ ಹಿಂದೆ, ಮೊಳೆಗೆ."

"ಕಾಯಿಲ್ ಬೇರೆ ಐತಾ?" ಅಂದ ಮಹದೇವು.

ಕಾಯಿಲು ಮೊಳೆಯಲ್ಲೇ ನೇತಾಡುತ್ತಿತ್ತು. ಅದನ್ನು ಯಾರೂ ತೊಳೆದಿರಲಿಲ್ಲ. ಬೋರ್‌ವೆಲ್ಲಿನ ಗಡಸು ನೀರು ಅದರ ಸುರುಳಿಯ ಮೇಲೆ ಬೆರಳುದಪ್ಪ ಸುಣ್ಣದ ಪೊರೆ ಕಟ್ಟಿತ್ತು. ಗ್ಲೌಸು ಹಾಕಿಕೊಂಡು ಶಶಿರೇಖಾ ಅದನ್ನು ಬೆಳಕಿಗೆ ಹಿಡಿದಳು. ಪೊರೆಯ ಬಿರುಕುಗಳಲ್ಲಿ ಲೋಳೆ, ಲೋಳೆಯಲ್ಲಿ ತಿಳಿಹಸಿರು. ಮೂಗಿನ ಹತ್ತಿರ ತಂದಳು. ಕೊಳೆತ ದ್ರಾಕ್ಷಿಯ ಸಿಹಿ ವಾಸನೆ. ದೀಪಿಕಳ ಬ್ಯಾಂಡೇಜಿನಲ್ಲಿದ್ದ ಅದೇ ವಾಸನೆ.

"ಸಿಕ್ತು," ಅಂದಳು. ಬಹಳ ದಿನಗಳ ನಂತರ ಅವಳ ಮುಖದಲ್ಲಿ ನಗು ಕಾಣಿಸಿತು.

ಕಾಯಿಲನ್ನು ಶುದ್ಧ ಚೀಲದಲ್ಲಿ ಹಾಕಿ, ಐಸ್ ಪೆಟ್ಟಿಗೆಯಲ್ಲಿಟ್ಟು, ಮುಚ್ಚಳಕ್ಕೆ ಟೇಪು ಬಿಗಿದು ಮಹದೇವುವಿನ ಕೈಗೆ ಕೊಟ್ಟಳು. "ನೇರ ಮಂಡ್ಯದ ಲ್ಯಾಬಿಗೆ. ಎಲ್ಲೂ ನಿಲ್ಲಿಸಬೇಡ, ಟೀಗೂ. ನಾನು ಬಸ್ಸಿಗೆ ಬರ್ತೀನಿ."

"ಆಯ್ತು ಮೇಡಂ."

ಅವನು ಮೆಟ್ಟಿಲಿಳಿದ ಮೇಲೆ ಇಂದ್ರಮ್ಮ ಎದ್ದು ಸೆರಗು ಸರಿಮಾಡಿಕೊಂಡರು. "ನಡಿ," ಎಂದರು.

"ಎಲ್ಲಿಗೆ?"

"ಅಲ್ಲಿ ಬೊಬ್ಬೆ ಹೊಡೀತವ್ನಲ್ಲ, ಅವನತ್ರ."

ಅಂಗಳಕ್ಕೆ ಬಂದ ಇಂದ್ರಮ್ಮನನ್ನು ಕಂಡು ಮರಿಯಯ್ಯ ದನಿ ತಗ್ಗಿಸಿದ. "ನೀವಾದ್ರೂ ಯೋಳಿ ಸಿಸ್ಟ್ರೇ, ಅವ್ಳನ್ನ..."

"ಅವಳಲ್ಲ. ನಾನು."

"ಆಂ?"

"ನಿನ್ನ ಸೊಸೆ ಗಾಯಕ್ಕೆ ಕೀವು ತುಂಬಿದ್ದು ನಾನು ಕಣಯ್ಯ. ಒಂದೇ ಬಕೆಟ್ ನೀರಲ್ಲಿ ಬಾಟ್ಲಿ ಬೆಚ್ಚಗೆ ಮಾಡಿ ಮಾಡಿ ತೊಳೆದೆ. ಆ ಬಕೆಟ್ಟನ್ನ ಯಾರೋ ಕದ್ದು ತೊಳೆದು ತಾರಸಿಗೆ ಹಾಕವ್ರೆ, ಕಾಯಿಲು ಮಾತ್ರ ಸಿಕ್ತು. ಬೇಕಂತ ಮಾಡ್ಲಿಲ್ಲ, ಆದ್ರೆ ಮಾಡಿದ್ದು ನಾನೇ. ನಿನ್ ಎಂಡ್ತಿನ ಕೇಳು. ಬೆಚ್ಚಗೆ ತೊಳೆಯವ್ವ, ಸೀತ ಆದದು ಅಂತ ನನ್ ಕೈ ಇಡ್ಕೊಂಡಿದ್ದು ಯಾರು ಅಂತ ಕೇಳು."

ಜನರ ನಡುವೆ ಒಬ್ಬ ಹೆಂಗಸು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮರಿಯಯ್ಯ ಅವಳನ್ನು ನೋಡಿದ, ಇಂದ್ರಮ್ಮನನ್ನು ನೋಡಿದ. ಟವೆಲನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಹಾಕಿಕೊಂಡ.

"ಅವ್ಳು ನಿಮ್ ಸಂಬಂದಿಕ್ಳೂ ಅಲ್ಲ, ಅವ್ಳನ್ನ ಉಳ್ಸೋಕೆ ಯೋಳ್ತಿದ್ದೀರಿ ಅನ್ನೋಕೂ ಆಗಕ್ಕಿಲ್ವಲ್ಲ," ಎಂದು ಗೊಣಗಿದ.

ಜನರಲ್ಲಿ ಯಾರೋ ನಕ್ಕರು. ಬಿಗಿ ಸಡಿಲವಾಯಿತು.

ಚಲುವರಾಜು ಮುಂದೆ ಬಂದರು. "ಕಾಯಿಲು ಲ್ಯಾಬಿಗೆ ಹೋಗ್ತಿದೆ. ಅದರಲ್ಲಿ ಅದೇ ಕೀಟಾಣು ಸಿಕ್ಕಿದ್ರೆ ಪಟ್ಟಲಮ್ಮ ಇಲ್ಲೇ ಇರ್ತಾಳೆ. ಇದೇ ಅಂಗಳದಲ್ಲಿ ಅವಳ ಹತ್ರ ನಾನೇ ತಪ್ಪಾಯ್ತು ಅಂತೀನಿ. ಇವತ್ತಿಂದ ಪ್ರತಿ ಬಾಣಂತಿಗೂ ಹೊಸ ಬಾಟಲಿ. ತಣ್ಣಗಿದ್ರೆ ತಣ್ಣಗೇ."

"ಸರಿ," ಅಂದ ಮರಿಯಯ್ಯ. ಸೋತರೂ ಅವನು ಕೊನೆಯ ಮಾತು ಬಿಡುವವನಲ್ಲ. "ಆದ್ರೆ ಒಂದು. ಆ ಬಕೀಟು ಕದ್ದು ತೊಳ್ದೋರ್ಗೆ ಎಲ್ಲಾ ಗೊತ್ತಿತ್ತು. ಕಾಯಿಲಲ್ಲಿ ಏನೂ ಸಿಗ್ನಿಲ್ಲ ಅಂದ್ರೆ, ಅದ್ನ ತೊಳ್ದೋರೇ ತಪ್ಪು ಮಾಡ್ದೋರು. ಅವ್ರನ್ನ ನಾವು ಬುಡಕ್ಕಿಲ್ಲ."

"ಬಿಡಬೇಡಿ," ಅಂದಳು ಶಶಿರೇಖಾ. ಅವಳು ಮನಸ್ಸಿನಿಂದಲೇ ಹೇಳಿದ್ದಳು.

ಕಾರಿಡಾರಿನ ಕೊನೆಯ ಬೆಂಚಿನ ಹತ್ತಿರ ಹೋಗಿ ಪಟ್ಟಲಮ್ಮನ ಪಕ್ಕ ಕೂತಳು. "ಕೇಳಿಸ್ತಾ ಅಕ್ಕಾ? ಬುತ್ತಿ ಬಿಚ್ಚು. ನೀನು ಎಲ್ಲೂ ಹೋಗಬೇಕಾಗಿಲ್ಲ."

ಪಟ್ಟಲಮ್ಮ ಬುತ್ತಿ ಬಿಚ್ಚಲಿಲ್ಲ. ಅವಳ ಕೈಗಳು ಚೀಲದ ಕೆಳಗಿದ್ದವು. ಶಶಿರೇಖಾ ಚೀಲ ಎತ್ತಿದಳು. ಬೆರಳುಗಳು ಬೆಳ್ಳಗೆ ಬೆಂದಂತಿದ್ದವು, ಉಗುರಿನ ಸಂದಿಯಲ್ಲಿ ತೆಂಗಿನ ನಾರು. ಬ್ಲೀಚಿಂಗ್ ಪೌಡರಿನ ವಾಸನೆ.

"ಅಕ್ಕಾ..."

"ನಾನೇ ತೊಳ್ದೆ ಕಣವ್ವ," ಪಟ್ಟಲಮ್ಮನ ದನಿ ಪಿಸುಮಾತಾಗಿತ್ತು. "ಒಳ್ಳೇದಕ್ಕೆ ಅಂತ ತೊಳ್ದೆ. ಆ ಬಕೀಟು ಅಂಗೇ ಇದ್ರೆ ನಿನ್ ತಲೆಗೇ ಬತ್ತದೆ, ಬೇಗ ತೊಳ್ದು ಬಿಸ್ಲಿಗೆ ಆಕು, ಯಾರ್ಗೂ ಯೋಳ್ಬ್ಯಾಡ ಅಂದ್ರು. ಸರ್ಕಾರದೋರು ಯೋಳಿದ್ಮೇಲೆ ಸರೀನೇ ಇರ್ತದೆ ಅಂದ್ಕಂಡೆ."

"ಸರ್ಕಾರದೋರಾ? ಯಾರು?"

"ನಿನ್ ಜತೆ ಬತ್ತಾರಲ್ಲ, ಆ ಮಹದೇವು ಸಾರು. ಫೋನ್ ಮಾಡಿದ್ರು. ಇಂದ್ಗಡೆ ಬಸ್ಸು ಪೋಂ ಪೋಂ ಅನ್ನೋದು ಕೇಳುಸ್ತಿತ್ತು."

ಕೆನೆ ಕಟ್ಟಿದ ಟೀ. ಕೇಳದೆಯೇ ಕೊಟ್ಟ ಉತ್ತರ. ಕಾಯಿಲ್ ಬೇರೆ ಐತಾ?

ಕಾಯಿಲು ಲ್ಯಾಬು ಮುಟ್ಟದಿದ್ದರೆ, ಮರಿಯಯ್ಯನ ಲೆಕ್ಕದಲ್ಲಿ ತಪ್ಪು ಬಕೆಟ್ಟು ತೊಳೆದ ಪಟ್ಟಲಮ್ಮನದೇ. ಶಶಿರೇಖಾ ಎದ್ದು ಗೇಟಿನವರೆಗೆ ಓಡಿದಳು. ಜೀಪು ಜನರ ಗುಂಪಿನಿಂದ ಬಿಡಿಸಿಕೊಂಡು ಆಗ ತಾನೇ ಹೊರಟಿತ್ತು. ಹಿಂದಿನ ಗಾಜಿನಲ್ಲಿ ಐಸ್ ಪೆಟ್ಟಿಗೆಯ ನೀಲಿ ಮುಚ್ಚಳ ಕಾಣುತ್ತಿತ್ತು. ಅವಳು ಕೂಗಿದಳು. ಕಬ್ಬಿನ ಲಾರಿಯೊಂದು ಅಡ್ಡ ಬಂತು. ಅದು ದಾಟುವಷ್ಟರಲ್ಲಿ ಜೀಪು ಸರ್ಕಲ್ಲು ಮುಟ್ಟಿ, ಮಂಡ್ಯದ ಕಡೆ ಹೋಗಬೇಕಾದದ್ದು ಮಳವಳ್ಳಿ ರಸ್ತೆಗೆ ತಿರುಗಿಕೊಂಡಿತು.